ರೀನೇಮ್ ಭಾವ

ಅಮೆರಿಕದಿಂದ ಬಂದಿದ್ದ ಅಕ್ಕನ ಮಗಳು ನಮ್ಮ ಗೃಹಪ್ರವೇಶವನ್ನೆಲ್ಲ ತನ್ನ ಹೊಸ ಫೋನಿನಲ್ಲಿ ಹಿಡಿದು ಕಳಿಸಿದ್ದಳು. ನಿನ್ನೆ ರಾತ್ರಿ ಊಟ ಮುಗಿಸಿ ಎಲ್ಲರೂ ಲ್ಯಾಪ್‌ಟಾಪ್ ಮುಂದೆ ಕೂತರೆ ಮಂತ್ರ ಕೇಳುತ್ತೆ, ಪುರೋಹಿತರು ಕಾಣಲ್ಲ. ಪರದೆ ಪೂರ್ತಿ ಕಪ್ಪು. ಕೆಳಗೊಂದು ಸಾಲು: ಡಿಕೋಡರ್ ಇಲ್ಲ. ಅಂದರೆ ಒತ್ತಿ ಚಿಕ್ಕದು ಮಾಡಿಟ್ಟ ವಿಡಿಯೊವನ್ನು ಬಿಡಿಸಿ ತೋರಿಸುವ ತಂತ್ರಾಂಶ ಇಲ್ಲ.

ಡಿಕೋಡರ್ ಇಲ್ಲದಿದ್ದರೇನಂತೆ, ಭಾವ ಇದ್ದಾರಲ್ಲ! ಯಾವ ಫೈಲು ಓಡದಿದ್ದರೂ ಅವರ ಹತ್ತಿರ ಒಂದೇ ಮದ್ದು. "ಲೋ, ರೀನೇಮ್ ಮಾಡೋ." ಫೈಲಿನ ಹೆಸರಿನ ಬಾಲ ಡಾಟ್ ಎಂಒವಿ ಹೋಗಿ ಡಾಟ್ ಎಂಪಿ4 ಆಯಿತು. ಪುರೋಹಿತರು ಕತ್ತಲಲ್ಲೇ ಮತ್ತೆ ಗಣಪತಿ ಪೂಜೆ ಶುರು ಮಾಡಿದರು. ಎಂಕೆವಿ ಮಾಡಿದೆವು. ಮತ್ತೆ ಶುಕ್ಲಾಂಬರಧರಂ. ಕೊನೆಗೆ ಎವಿಐ. ಅಷ್ಟರಲ್ಲಿ ನಮ್ಮನೆ ಮಕ್ಕಳಿಗೆ ಸಂಕಲ್ಪ ಬಾಯಿಪಾಠವಾಗಿತ್ತು.

"ಭಾವ, ಇವೆಲ್ಲ ಬರೀ ಡಬ್ಬಿಗಳು. ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದರೆ ಕಾಫಿ ಆಗುತ್ತಾ? ಒಳಗಿರೋದು ಎಚ್‌ಇವಿಸಿ, ವಿಡಿಯೊನ ಒತ್ತಿ ಚಿಕ್ಕದು ಮಾಡೋ ಒಂದು ವಿಧಾನ. ಪ್ಲೇಯರ್ ಹೆಸರನ್ನ ನಂಬಲ್ಲ, ಫೈಲಿನ ಮೊದಲ ಬೈಟುಗಳನ್ನ ಮೂಸಿ ನೋಡುತ್ತೆ," ಅಂದೆ.

"ನೀನು ವಾದ ಮಾಡಬೇಡ, ಡಬ್ಲ್ಯುಎಂವಿ ಮಾಡಿ ನೋಡು."

2013ರಲ್ಲಿ ಬಂದ ಈ ಎಚ್‌ಇವಿಸಿ ಜಾಗ ಉಳಿಸುತ್ತದೆ, ನಿಜ. ಆದರೆ ಪೇಟೆಂಟ್ ಹಣ ಕೇಳುವವರು ಒಂದೇ ಗುಂಪಲ್ಲ. ಆ ತಂಟೆಯೇ ಬೇಡ ಅಂತ ಎಷ್ಟೋ ಕಡೆ ಡಿಕೋಡರನ್ನೇ ಬಿಟ್ಟು ಸಿಸ್ಟಮ್ ಕೊಡುತ್ತಾರೆ. ನನ್ನ ಲಿನಕ್ಸ್‌ನಲ್ಲಿ ಆಡಿಯೊ ವಿಡಿಯೊ ನೋಡಿಕೊಳ್ಳುವುದು ಜಿಸ್ಟ್ರೀಮರ್. ಅದಕ್ಕೆ ಬೇಕೆಂದಾಗ ಸೇರಿಸಿಕೊಳ್ಳುವ ತುಣುಕುಗಳಲ್ಲಿ, ಅಂದರೆ ಪ್ಲಗಿನ್‌ಗಳಲ್ಲಿ, ಬೇಸ್, ಗುಡ್, ಬ್ಯಾಡ್, ಅಗ್ಲಿ ಅಂತ ಪಂಗಡಗಳಿವೆ. ಇನ್ನೂ ಪಳಗದವು ಬ್ಯಾಡ್. ಕೆಲಸದಲ್ಲಿ ಚೊಕ್ಕ ಇದ್ದರೂ ಲೈಸೆನ್ಸ್, ಪೇಟೆಂಟ್ ತಕರಾರು ಇರುವವು ಅಗ್ಲಿ. ನನಗೆ ಬೇಕಾದದ್ದು ಯಾವತ್ತೂ ಗುಡ್‌ನಲ್ಲಿ ಇದ್ದದ್ದಿಲ್ಲ.

ನಾನು ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಡಿಕೋಡರ್ ಹುಡುಕುತ್ತಿದ್ದಾಗ ವಿಡಿಯೊದ ಆ ಕಪ್ಪು ಪರದೆಯೊಳಗಿಂದ ದೊಡ್ಡಮ್ಮನ ಆರತಿ ಹಾಡು ಬಂತು. ಉಬ್ಬಸ ಹೆಚ್ಚಾದ ಮೇಲೆ ಅವರು ಹಾಡುವುದನ್ನೇ ಬಿಟ್ಟಿದ್ದಾರೆ. ಅಮ್ಮ "ಅದೇನೂ ಮಾಡಬೇಡ, ಹಾಗೇ ಇರಲಿ ಬಿಡೋ" ಅಂದಳು. ಹಾಡು ಮುಗಿಯುವ ತನಕ ಭಾವನೂ ರೀನೇಮ್ ಅನ್ನಲಿಲ್ಲ.

ಆಮೇಲೆ ಲಿಬ್‌ಎವಿ ಪ್ಲಗಿನ್ ಹಾಕಿದೆ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಅನ್ನೋ ಆಡಿಯೊ ವಿಡಿಯೊ ತಂತ್ರಾಂಶದ ಡಿಕೋಡರುಗಳನ್ನು ಜಿಸ್ಟ್ರೀಮರ್‌ಗೆ ತಂದು ಜೋಡಿಸುವುದು ಅದೇ. ಪುಣ್ಯಾತ್ಮ! ಪರದೆ ಬೆಳಗಿತು. ದೊಡ್ಡಮ್ಮನ ಹಾಡಿನುದ್ದಕ್ಕೂ ಕಂಡದ್ದು ಭಾವನ ಬೆನ್ನು, ಅಂಚಿನಲ್ಲಿ ಅರ್ಧ ಆರತಿ ತಟ್ಟೆ.

ಭಾವನ ಕಣ್ಣು ಮಾತ್ರ ಫೈಲಿನ ಹೆಸರಿನ ಮೇಲಿತ್ತು. ಅದಿನ್ನೂ ಡಾಟ್ ಎವಿಐ ಆಗಿಯೇ ಉಳಿದಿತ್ತು.

"ನೋಡಿದ್ಯಾ? ಎವಿಐ ಮಾಡು ಅಂತ ಆಗಲೇ ಹೇಳಿದ್ದೆ. ಸ್ವಲ್ಪ ಟೈಮ್ ತಗೊಳ್ತು, ಅಷ್ಟೇ."