"ಗೆಲ್ತೀವಿ ಅಂತ ತಾನೇ ಬೆಟ್ ಕಟ್ಟಿದ್ದು" ಅನ್ನೋರಿಗೆ

ಅಮೆರಿಕದ ಬೇಸ್‌ಬಾಲ್ ಆಟಗಾರ ಪೀಟ್ ರೋಸ್‌ನ 4192ನೇ ಹಿಟ್‌ನ (ಚೆಂಡು ಹೊಡೆದು ಬೇಸ್ ತಲುಪೋದು) ವಿಡಿಯೋ ಮತ್ತೆ ಓಡಾಡ್ತಿದೆ. ಅದರ ಕೆಳಗೆ ಅದೇ ಹಳೇ ರಾಗ: "ಪಾಪ, ತನ್ನ ಟೀಮ್ ಗೆಲ್ಲುತ್ತೆ ಅಂತ ತಾನೇ ಬೆಟ್ ಕಟ್ಟಿದ್ದು, ಸೋಲ್ಲಿ ಅಂತ ಅಲ್ವಲ್ಲ, ಇನ್ನಾದ್ರೂ ಹಾಲ್ ಆಫ್ ಫೇಮ್‌ಗೆ ಸೇರಿಸ್ರಪ್ಪ." ಹಾಲ್ ಆಫ್ ಫೇಮ್ ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವದ ಪಟ್ಟಿ, ಬೆಟ್ಟಿಂಗ್‌ಗಾಗಿ ನಿಷೇಧ ಆಗಿದ್ದರಿಂದ ರೋಸ್ ಅದರಲ್ಲಿಲ್ಲ. ಆ ಮಾತು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ನನಗೆ ಬೇಸ್‌ಬಾಲ್ ಹುಚ್ಚು ಎಷ್ಟಿದೆ, ಅದರಲ್ಲೂ ರೋಸ್ ಆಟ ಅಂದ್ರೆ ಎಷ್ಟು ಪ್ರಾಣ ಅನ್ನೋದು ಇಲ್ಲಿರೋ ಬಹಳ ಜನಕ್ಕೆ ಗೊತ್ತು, ಹಾಗಾಗಿ ಅವನ ಮೇಲಿನ ದ್ವೇಷಕ್ಕೆ ಇದನ್ನ ಬರೀತಿದ್ದೀನಿ ಅಂತ ಯಾರೂ ತಿಳ್ಕೊಳ್ಳಲ್ಲ ಅನ್ನೋ ಧೈರ್ಯದಲ್ಲೇ ಬರೀತಿದ್ದೀನಿ.

ಆ ವಿಡಿಯೋ ನಾನೂ ನೋಡ್ದೆ. 1985ರ ಸೆಪ್ಟೆಂಬರ್ 11, ಸಿನ್ಸಿನಾಟಿ, ಎದುರಿಗೆ ಸ್ಯಾನ್ ಡಿಯಾಗೋದ ಪಿಚರ್ (ಚೆಂಡು ಎಸೆಯೋನು) ಎರಿಕ್ ಶೋ. ಮೊದಲನೇ ಇನಿಂಗ್ಸ್‌ನಲ್ಲೇ ಒಂದು ಸಿಂಗಲ್ ಹೊಡೆದು ಹಳೇ ಆಟಗಾರ ಟೈ ಕಾಬ್‌ನ ಅತಿ ಹೆಚ್ಚು ಹಿಟ್‌ಗಳ ದಾಖಲೆ ಮುರೀತಾನೆ. ಫಸ್ಟ್ ಬೇಸ್ ಮೇಲೆ ನಿಂತಿದಾನೆ, ಜನ ಚಪ್ಪಾಳೆ ನಿಲ್ಲಿಸ್ತಾನೇ ಇಲ್ಲ, ಆಟ ಶುರುವಾಗ್ತಾನೇ ಇಲ್ಲ, ಅವನಿಗೆ ಕೈ ಎಲ್ಲಿಡ್ಬೇಕು ಅಂತಾನೂ ಗೊತ್ತಾಗ್ತಿಲ್ಲ, ಕೊನೆಗೆ ಕೋಚ್ ಟಾಮಿ ಹೆಲ್ಮ್ಸ್ ಹೆಗಲಿಗೆ ಒರಗಿ ಅತ್ತುಬಿಡ್ತಾನೆ, ಅಷ್ಟರಲ್ಲಿ ಮಗ ಬರ್ತಾನೆ, ಅವನನ್ನ ತಬ್ಕೋತಾನೆ. ನನಗೂ ಗಂಟಲು ಕಟ್ಟುತ್ತೆ. ಒಟ್ಟು 4256 ಹಿಟ್, 3562 ಪಂದ್ಯ, ಅಮೆರಿಕದ ಮೇಜರ್ ಲೀಗ್‌ನಲ್ಲಿ ಇವತ್ತಿಗೂ ಯಾರೂ ಅದನ್ನ ಮುರಿದಿಲ್ಲ.

ಆದರೆ ಅವತ್ತು ಅಲ್ಲಿ ನಿಂತಿದ್ದವನು ಬರೀ ಆಟಗಾರ ಅಲ್ಲ, ಆ ಟೀಮಿನ ಮ್ಯಾನೇಜರ್ ಕೂಡ ಅವನೇ. "ಗೆಲ್ಲೋಕೆ ತಾನೇ" ಅನ್ನೋರೆಲ್ಲ ಇದನ್ನೇ ಮರೀತಾರೆ.

ಮ್ಯಾನೇಜರ್ ಕೆಲಸ ಅಂದ್ರೇನು ನೋಡಿ. 162 ಪಂದ್ಯದ ಸೀಸನ್, ಹೆಚ್ಚುಕಮ್ಮಿ ದಿನಾ ಆಟ. ಇವತ್ತು ಗೆಲ್ಲೋದಷ್ಟೇ ಅಲ್ಲ, ನಾಳೆಗೆ ನಾಳಿದ್ದಿಗೆ ಯಾರ ತೋಳು ಉಳಿಸ್ಬೇಕು ಅಂತ ಲೆಕ್ಕ ಹಾಕೋದೇ ಅವನ ಕೆಲಸ. ಎಂಟನೇ ಇನಿಂಗ್ಸ್, ಒಂದು ರನ್ ಮುಂದಿದ್ದೀವಿ, ಒಳ್ಳೇ ರಿಲೀವರ್ (ಆಟದ ನಡುವೆ ಬದಲಿಗೆ ಬರೋ ಪಿಚರ್) ನಿನ್ನೆನೂ ಮೊನ್ನೆನೂ ಪಿಚ್ ಮಾಡಿ ಸುಸ್ತಾಗಿದಾನೆ. ಬುದ್ಧಿ ಇರೋ ಮ್ಯಾನೇಜರ್ ಅವನನ್ನ ಕೂರಿಸ್ತಾನೆ, ಸೋತ್ರೂ ಪರವಾಗಿಲ್ಲ ಇನ್ನೂ ಎರಡು ತಿಂಗಳ ಆಟ ಇದೆ ಅಂತಾನೆ. ಅದೇ ಮ್ಯಾನೇಜರ್ ಬುಕ್ಕಿ ಹತ್ರ ಸಾವಿರಾರು ಡಾಲರ್ ಇಟ್ಟು ಬಂದಿದ್ರೆ? ಅವನ ಕೈ ಫೋನ್ ಕಡೆ ಹೋಗಲ್ವಾ, ಬದಲಿ ಪಿಚರ್‌ಗಳು ಕೂರೋ ಬುಲ್‌ಪೆನ್‌ಗೆ ಕಾಲ್ ಮಾಡಿ ಅದೇ ಹುಡುಗನನ್ನ ಎಬ್ಬಿಸಲ್ವಾ? ಹುಡುಗನ ಭುಜ ಹೋದ್ರೆ ಅವನ ಜೀವನ ಹೋಯ್ತು. ಬೆಟ್ ಇದ್ದದ್ದು "ಗೆಲ್ಲೋಕೇ" ತಾನೇ! ರೋಸ್ ಹಾಗೆ ಮಾಡಿದ ಅಂತ ನಾನು ಹೇಳ್ತಿಲ್ಲ, ಬೇಕಂತ ಸೋತ ಅಂತಾನೂ ಯಾರೂ ಸಾಬೀತು ಮಾಡಿಲ್ಲ. ಆದರೆ ಆ ಸೀಸನ್‌ಗಳ ಒಂದೊಂದು ಪಿಚರ್ ಬದಲಾವಣೆಯನ್ನೂ ಈಗ ಯಾರಾದ್ರೂ ನಿಶ್ಚಿಂತೆಯಿಂದ ನೋಡೋಕಾಗುತ್ತಾ ಹೇಳಿ.

1989ರಲ್ಲಿ ಲೀಗ್ ಪರವಾಗಿ ತನಿಖೆ ಮಾಡಿದ ವಕೀಲ ಜಾನ್ ಡೌಡ್ ಕೊಟ್ಟ 225 ಪುಟದ ವರದಿಯಲ್ಲಿ ಎಲ್ಲ ಇದೆ. 1987ರಲ್ಲಿ ಸಿನ್ಸಿನಾಟಿ ರೆಡ್ಸ್‌ನ, ಅಂದ್ರೆ ಅವನೇ ನಡೆಸ್ತಿದ್ದ ಟೀಮಿನ, 52 ಪಂದ್ಯಗಳ ಮೇಲೆ ಬೆಟ್. ಸರಿ, ಬೆಟ್ ಕಟ್ಟದ ದಿನ? ದಿನಾ ಫೋನ್ ಮಾಡೋ ಮ್ಯಾನೇಜರ್ ಇವತ್ತು ಮಾಡಲಿಲ್ಲ ಅಂದ್ರೆ ಬುಕ್ಕಿಗೆ ಅದೇ ದೊಡ್ಡ ಸುದ್ದಿ, ಇವತ್ತು ಇವರ ಪಿಚರ್ ಸರಿ ಇಲ್ಲ ಅಂತ ಅವನು ಆ ಕಡೆ ದುಡ್ಡು ಹಾಕ್ಬಹುದು. ಬಾಯಿ ಬಿಟ್ಟು ಏನೂ ಹೇಳದೇನೇ ಟೀಮಿನ ಗುಟ್ಟು ಮಾರಿದ ಹಾಗಾಯ್ತು. ಮೇಲೆ ಸಾಲ ಬೆಳೆದು ಬುಕ್ಕಿ ಕುತ್ತಿಗೆ ಮೇಲೆ ಕೂತ್ರೆ ಮುಂದೇನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಗೊತ್ತಿಲ್ಲದೆ ಆದ ತಪ್ಪೂ ಅಲ್ಲ. ಬೆಟ್ಟಿಂಗ್ ಬಗ್ಗೆ ಇರೋ ರೂಲ್ 21 ಪ್ರತಿ ಡ್ರೆಸ್ಸಿಂಗ್ ರೂಮಿನ ಗೋಡೆ ಮೇಲಿರುತ್ತೆ. ನಿನಗೆ ಸಂಬಂಧವಿಲ್ಲದ ಬೇಸ್‌ಬಾಲ್ ಪಂದ್ಯದ ಮೇಲೆ ಬೆಟ್ ಕಟ್ಟಿದ್ರೆ ಒಂದು ವರ್ಷ ಹೊರಗೆ, ನೀನಿರೋ ಪಂದ್ಯದ ಮೇಲಾದ್ರೆ ಶಾಶ್ವತವಾಗಿ ಹೊರಗೆ. ಗೆಲುವಿಗೋ ಸೋಲಿಗೋ ಅಂತ ಅದು ಕೇಳೋದೇ ಇಲ್ಲ. ಯಾಕೆ ಇಷ್ಟು ಕಠಿಣ ಅಂದ್ರೆ 1919ರ ವರ್ಲ್ಡ್ ಸೀರೀಸ್‌ನಲ್ಲಿ (ಸೀಸನ್ನಿನ ಕೊನೇ ಪ್ರಶಸ್ತಿ ಸರಣಿ) ಜೂಜುಕೋರರ ದುಡ್ಡು ಆಟವನ್ನೇ ನುಂಗಿತ್ತು. 1921ರಲ್ಲಿ ಕೋರ್ಟು ಖುಲಾಸೆ ಮಾಡಿದ್ರೂ ಬೇಸ್‌ಬಾಲ್‌ನ ಮುಖ್ಯಸ್ಥ ಅಂದ್ರೆ ಕಮಿಷನರ್ ಲ್ಯಾಂಡಿಸ್, ಸೋತ ಟೀಮ್ ವೈಟ್ ಸಾಕ್ಸ್‌ನ ಎಂಟು ಜನರನ್ನ ಆಟದಿಂದ ಓಡಿಸಿದರು. ಅವತ್ತು ಆ ಸೀರೀಸ್ ಗೆದ್ದ ಟೀಮ್ ಯಾವುದು ಗೊತ್ತಲ್ಲ, ಇದೇ ಸಿನ್ಸಿನಾಟಿ ರೆಡ್ಸ್. ಆ ಇತಿಹಾಸ ಆ ಊರಲ್ಲೇ ಹುಟ್ಟಿ ಬೆಳೆದ ರೋಸ್‌ಗೆ ಗೊತ್ತಿರಲಿಲ್ವಾ?

ಕ್ರಿಕೆಟ್ ಅಭಿಮಾನಿಗಳು ತಕ್ಷಣ ಲಿಲ್ಲಿ ಹೆಸರು ಎತ್ತುತ್ತಾರೆ, ಎತ್ತಲಿ. 1981ರ ಹೆಡಿಂಗ್ಲಿ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಗೆಲುವಿಗೆ 500ಕ್ಕೆ 1 ಅಂತ ಬೆಟ್ಟಿಂಗ್ ದರ ಬಂದಾಗ ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 10 ಪೌಂಡು, ರಾಡ್ ಮಾರ್ಷ್ 5 ಪೌಂಡು ಎದುರಾಳಿ ಮೇಲೆ ಕಟ್ಟಿದರು. ಬಾಥಂ ಔಟಾಗದೆ 149 ಹೊಡೆದ, ವಿಲ್ಲಿಸ್ 43ಕ್ಕೆ 8 ತೆಗೆದ, 130 ಬೆನ್ನಟ್ಟಿದ ಆಸ್ಟ್ರೇಲಿಯಾ 111ಕ್ಕೆ ಮುಗೀತು. ಇಬ್ಬರಿಗೂ ಶಿಕ್ಷೆ ಆಗಲಿಲ್ಲ, 2009ರಲ್ಲಿ ಐಸಿಸಿ ಹಾಲ್ ಆಫ್ ಫೇಮ್‌ಗೂ ಹೋದರು. ಲಿಲ್ಲಿ ಕೊನೆಯಲ್ಲಿ ಬ್ಯಾಟ್ ಬೀಸಿ ಪಂದ್ಯ ಗೆಲ್ಲಿಸೋ ಹತ್ತಿರ ತಂದಿದ್ದ, ಬೇಕಂತ ಸೋತಿಲ್ಲ ಅಂತ ನಾನು ನಂಬ್ತೀನಿ. ಆದರೂ ಕ್ರಿಕೆಟ್‌ನ ಅಷ್ಟು ದೊಡ್ಡ ಪಂದ್ಯದ ಬಗ್ಗೆ ಮಾತಾಡುವಾಗ ಇವತ್ತಿಗೂ ಆ 15 ಪೌಂಡಿನ ಮಾತು ಬಂದೇ ಬರುತ್ತೆ, ಬಾಥಂ ಪಕ್ಕದಲ್ಲೇ ಬಂದು ಕೂರುತ್ತೆ. ಅವರಿಗೆ ಹಾಲ್ ಆಫ್ ಫೇಮ್ ಕೊಟ್ಟಿದ್ದೂ ತಪ್ಪು ಅಂತಾನೇ ನನ್ನ ಮಾತು. ಅಲ್ಲಿ ಆದ ತಪ್ಪು ತೋರಿಸಿ ಇಲ್ಲೂ ಮಾಡಿ ಅನ್ನೋದು ಯಾವ ನ್ಯಾಯ?

ಇನ್ನೊಂದು ವಾದ ಇದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಅಮೆರಿಕದಲ್ಲಿ ಬೆಟ್ಟಿಂಗ್‌ಗೆ ದಾರಿ ಬಿಟ್ಟ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಲೀಗ್‌ಗಳೇ ಬೆಟ್ಟಿಂಗ್ ಕಂಪನಿಗಳ ಜೊತೆ ಕೈ ಜೋಡಿಸಿವೆ, ಪ್ರಸಾರದ ನಡುವೆ ಅವರದೇ ಜಾಹೀರಾತು, ಹಾಗಿರುವಾಗ ರೋಸ್ ಒಬ್ಬನೇ ಪಾಪಿನಾ ಅಂತ. ಲೀಗ್‌ಗಳ ದುರಾಸೆ ಮೇಲೆ ನನಗೂ ಕೆಟ್ಟ ಸಿಟ್ಟಿದೆ. ಆದರೆ ಕಾನೂನು ಬದಲಾಗಿದ್ದು ನೋಡೋರಿಗೆ, ಆಡೋರಿಗಲ್ಲ. ಎಲ್ಲರ ಕೈಯಲ್ಲೂ ಬೆಟ್ಟಿಂಗ್ ಆಪ್ ಇರೋ ಈ ಕಾಲದಲ್ಲೇ ಆಟಗಾರರ ಗೆರೆ ಇನ್ನೂ ಗಟ್ಟಿ ಇರಬೇಕು. ಟೈ ಕಾಬ್ ಅಂಥ ಮುಂಗೋಪಿ ಹಾಲ್ ಆಫ್ ಫೇಮ್ ಒಳಗಿಲ್ವಾ ಅನ್ನೋದಕ್ಕಂತೂ ಉತ್ತರ ಕೊಡೋಕೂ ಬೇಜಾರು, ಸ್ವಭಾವ ಕೆಟ್ಟದಿರೋದು ಬೇರೆ, ಆಟದ ಬುಡಕ್ಕೇ ಕೈ ಹಾಕೋದು ಬೇರೆ.

ನನಗೆ ನಿಜವಾಗ್ಲೂ ನೋವಾಗೋದು ಬೆಟ್‌ಗಿಂತ ಆಮೇಲಿನ ವರ್ಷಗಳ ಬಗ್ಗೆ. 1989ರ ಆಗಸ್ಟ್ 24ಕ್ಕೆ ನಿಷೇಧ ಬಂತು, ಒಪ್ಪಂದಕ್ಕೆ ಅವನೇ ಸಹಿ ಹಾಕಿದ. ಆಮೇಲೂ ಹೆಚ್ಚುಕಮ್ಮಿ 15 ವರ್ಷ ಬೇಸ್‌ಬಾಲ್ ಮೇಲೆ ಬೆಟ್ ಕಟ್ಟೇ ಇಲ್ಲ ಅಂತ ಸಾಧಿಸಿದ. ಅವನನ್ನ ನಂಬಿದ ಅಭಿಮಾನಿಗಳು ಡೌಡ್‌ನ ಸುಳ್ಳ ಅಂದರು, ಕಮಿಷನರ್ ಜಿಯಾಮಟ್ಟಿಯನ್ನ ಕ್ರೂರಿ ಅಂದರು, ಆ ಮನುಷ್ಯ ನಿಷೇಧ ಹೇರಿದ ಎಂಟೇ ದಿನಕ್ಕೆ ಹೃದಯಾಘಾತದಿಂದ ತೀರಿಹೋಗಿದ್ದ. 2004ರಲ್ಲಿ ರೋಸ್ ಒಪ್ಪಿಕೊಂಡ, ಅದೂ ಮಾರಾಟಕ್ಕಿಟ್ಟ ಪುಸ್ತಕದಲ್ಲಿ. ಆಮೇಲೆ ಬೆಟ್ ಕಟ್ಟಿದ್ದಕ್ಕೆ ಕ್ಷಮಿಸಿ ಅಂತ ಚೆಂಡುಗಳ ಮೇಲೆ ಬರೆದು ಸಹಿ ಹಾಕಿ ಮಾರಿದ. ಕ್ಷಮೆಗೂ ರೇಟು ಕಟ್ಟಿದ. ನನ್ನ ಹೀರೋ ಅದು ಮಾಡಿದ್ದು ನನ್ನಿಂದ ಇವತ್ತಿಗೂ ಜೀರ್ಣಿಸಿಕೊಳ್ಳೋಕಾಗಿಲ್ಲ.

"ಇತಿಹಾಸ ಅಳಿಸಬೇಡಿ" ಅಂತಾರೆ. ಯಾರು ಅಳಿಸಿದಾರೆ? 4256 ದಾಖಲೆ ಪುಸ್ತಕದಲ್ಲಿ ಹಾಗೇ ಇದೆ, ಹಾಲ್ ಆಫ್ ಫೇಮ್ ಇರೋ ಕೂಪರ್ಸ್‌ಟೌನ್‌ನ ಮ್ಯೂಸಿಯಂನಲ್ಲಿ ಅವನ ವಸ್ತುಗಳಿವೆ, ಹೋಗಿ ನೋಡಬಹುದು. ಇಲ್ಲದಿರೋದು ಹಾಲ್ ಆಫ್ ಫೇಮ್‌ಗೆ ಸೇರಿದವರಿಗೆ ಹಾಕೋ ಕಂಚಿನ ಫಲಕ ಒಂದೇ. ಅದು ಅಂಕಿಗಳಿಗೆ ಸಿಗೋ ರಸೀದಿ ಅಲ್ಲ, ಮುಂದಿನ ಆಟಗಾರರಿಗೆ ಇವನ ಹಾಗೆ ಬಾಳಿ ಅಂತ ಆಟವೇ ತೋರಿಸೋ ಗೌರವ.

2024ರ ಸೆಪ್ಟೆಂಬರ್ 30ಕ್ಕೆ ರೋಸ್ ಹೋದ, 83 ವರ್ಷ. 2025ರ ಮೇ ತಿಂಗಳಲ್ಲಿ ಕಮಿಷನರ್ ಮ್ಯಾನ್‌ಫ್ರೆಡ್ ಶಾಶ್ವತ ನಿಷೇಧ ಸಾವಿನ ಜೊತೆ ಮುಗಿಯುತ್ತೆ ಅಂತ ಪಟ್ಟಿಯಿಂದ ಹೆಸರು ತೆಗೆದರು. 2027ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ನ 16 ಜನರ ಸಮಿತಿ ಮುಂದೆ ಅವನ ಹೆಸರು ಬರಬಹುದು, 12 ಓಟು ಬಿದ್ರೆ ಫಲಕ. ಸತ್ತವರ ಮೇಲೆ ಯಾಕೆ ಹಟ ಅಂತೀರಾ? 2024ರ ಜೂನ್‌ನಲ್ಲಿ ಟುಕುಪಿಟಾ ಮಾರ್ಕಾನೋ ಅನ್ನೋ 24 ವರ್ಷದ ಹುಡುಗನಿಗೆ ಇದೇ ರೂಲ್ 21ರಡಿ ಆಜೀವ ನಿಷೇಧ ಬಿತ್ತು, ಗಾಯಾಳುಗಳ ಪಟ್ಟಿಯಲ್ಲಿದ್ದಾಗ ತನ್ನದೇ ಟೀಮಿನ ಪಂದ್ಯಗಳ ಮೇಲೂ ಬೆಟ್ ಕಟ್ಟಿದ್ದಕ್ಕೆ. ಅವನಿಗೆ 4256 ಹಿಟ್ ಇಲ್ಲ, ಅವನ ಪರವಾಗಿ ವಿಡಿಯೋ ಹಂಚೋರೂ ಇಲ್ಲ. ರೋಸ್‌ಗೆ ಫಲಕ ಕೇಳೋರು ಮೊದಲು ಆ ಹುಡುಗನಿಗೆ ಏನು ಹೇಳ್ತೀರಿ ಅಂತ ಯೋಚಿಸಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.