ನಮ್ಮ ಮೆಟ್ರೋ ಬ್ಯಾಟರಿಯಲ್ಲಿ ಓಡೋದಿಲ್ಲ: ಒಂದು ಸ್ಪಷ್ಟನೆ

'ಸುರಂಗದಲ್ಲಿ ನಮ್ಮ ಮೆಟ್ರೋಗೆ ಮೇಲೆ ತಂತಿಯೇ ಇಲ್ಲ, ಬ್ಯಾಟರಿಯಲ್ಲಿ ಓಡುತ್ತೆ, ಹಳಿಗೆ ಇಳಿದರೂ ಶಾಕ್ ಹೊಡೆಯಲ್ಲ. ದೇಶದ ಮೊದಲ ನೆಲದಡಿ ರೈಲು ಇದೇ!' ಹೀಗೊಂದು ಮೆಸೇಜ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ತಂತಿ ಇಲ್ಲ ಅನ್ನೋದಷ್ಟೇ ನಿಜ.

ಕರೆಂಟ್ ಬರೋದು ಕೆಳಗಿನಿಂದ. ಎರಡು ಹಳಿಗಳ ಪಕ್ಕದಲ್ಲೇ ಮೂರನೆಯದೊಂದು ಹಳಿ ಇದೆ, ಅದೇ ಥರ್ಡ್ ರೈಲ್. ಅದರಲ್ಲಿ 750 ವೋಲ್ಟ್ ಡಿಸಿ ವಿದ್ಯುತ್ ಹರಿಯುತ್ತದೆ. ಮೆಟ್ರೋ ನಡೆಸುವ ಸಂಸ್ಥೆ ಬಿಎಂಆರ್‌ಸಿಎಲ್‌ನ ಯೋಜನಾ ವಿವರಗಳಲ್ಲೂ ಇದೇ ಇದೆ. ರೈಲಿನ ಚಕ್ರಗಳ ಬಳಿ ಇರುವ ಲೋಹದ 'ಶೂ' ಈ ಹಳಿಗೆ ತಾಗಿಕೊಂಡೇ ಸಾಗುತ್ತದೆ. ನೋಡಬೇಕಾದರೆ ಪ್ಲಾಟ್‌ಫಾರ್ಮ್‌ನಲ್ಲಿ ಹಳದಿ ಗೆರೆಯ ಹಿಂದೆಯೇ ನಿಂತು ನೋಡಿ: ಹಳಿಗಳ ಆಚೆ ಬದಿಯಲ್ಲಿ ಮುಚ್ಚಳ ಹೊದ್ದ ಉದ್ದನೆಯ ಪಟ್ಟಿ ಕಾಣುತ್ತದೆ. ಮುಚ್ಚಳ ಇದೆ ಅಂತ ಧೈರ್ಯ ಬೇಡ. ಮುಟ್ಟಿದರೆ ಜೀವವೇ ಹೋಗಬಹುದು. ಈ ವ್ಯವಸ್ಥೆ ಸುರಂಗಕ್ಕಷ್ಟೇ ಅಲ್ಲ, ಮೇಲ್ಸೇತುವೆಯ ದಾರಿಯಲ್ಲೂ ಇದೆ.

ಇನ್ನು 'ದೇಶದ ಮೊದಲ' ಅನ್ನೋ ಮಾತು. ಆ ಹೆಸರು ಕೋಲ್ಕತ್ತಾದ್ದು. ಅಲ್ಲಿ ನೆಲದಡಿ ರೈಲು ಓಡಿದ್ದು 1984ರಲ್ಲಿ. ಬೆಂಗಳೂರಲ್ಲಿ 2011ರಲ್ಲಿ ಶುರುವಾದ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮಾರ್ಗ ಪೂರ್ತಿ ಮೇಲಿನದೇ. ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್ ಕಡೆಯ ಸುರಂಗ ತೆರೆದದ್ದು 2016ರಲ್ಲಿ. ದಕ್ಷಿಣ ಭಾರತಕ್ಕೆ ಮೊದಲನೆಯದು ಅಂತ ಬೇಕಾದರೆ ಹೆಮ್ಮೆ ಪಡೋಣ, ಅದೂ ಕಮ್ಮಿ ಏನಲ್ಲ.

'ದೇಶದ ಮೊದಲ' ಅನ್ನೋ ತಪ್ಪು ಹೇಗೋ ನಡೆದೀತು. 'ಶಾಕ್ ಹೊಡೆಯಲ್ಲ' ಅನ್ನೋದನ್ನ ಮಕ್ಕಳು ನಂಬಿಬಿಟ್ಟರೆ ಕಷ್ಟ ಅಲ್ವಾ? ಫೋನ್ ಹಳಿಗೆ ಬಿದ್ದರೆ ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.