ಕೆ.ಎಸ್. ಹೆಗ್ಡೆ ಅಂದರೆ ಬರೀ ಆಸ್ಪತ್ರೆ ಅಲ್ಲ

ಮಂಗಳೂರಿನಲ್ಲಿ ಕೆ.ಎಸ್. ಹೆಗ್ಡೆ ಅಂದರೆ ದೇರಳಕಟ್ಟೆಯ ಆಸ್ಪತ್ರೆ. ಬಸ್ಸಿನಲ್ಲಿ ಟಿಕೆಟ್ ಕೇಳುವುದೂ ಹಾಗೆಯೇ, "ಒಂದು ಕೆ.ಎಸ್. ಹೆಗ್ಡೆ". ಆ ಹೆಸರಿನ ಮನುಷ್ಯ ಯಾರು ಅಂದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೋರ್ಟು ದೊಡ್ಡದೋ ಪಾರ್ಲಿಮೆಂಟು ದೊಡ್ಡದೋ ಅನ್ನುವ ಜಗಳ ಎದ್ದಾಗಲೆಲ್ಲ ನನಗೆ ನೆನಪಾಗುವುದು ಅವರೇ.

ಈ ಜಗಳ ಹೇಗಿರುತ್ತದೆ ನೋಡಿ. ರಾಜ್ಯಪಾಲರು ಮಸೂದೆಗಳನ್ನು ಇಟ್ಟುಕೊಂಡು ಕೂರುವಂತಿಲ್ಲ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್‌ಗಳು ಗಡುವು ಹಾಕಿದರು. ಹಾಗೆ ಗಡುವು ಹಾಕಲು ಬರುವುದಿಲ್ಲ ಅಂತ ನವೆಂಬರ್‌ನಲ್ಲಿ ಐವರ ಪೀಠ ಹೇಳಿತು. ಏಪ್ರಿಲ್‌ನಲ್ಲಿ ಕೋರ್ಟಿಗೆ ಬೈದವರು ನವೆಂಬರ್‌ನಲ್ಲಿ ಹೊಗಳಿದರು. ಹೊಗಳಿದವರು ಬೈದರು. ನನ್ನ ಫ್ರೆಂಡ್ ಲಿಸ್ಟಿನಲ್ಲೇ ಎರಡೂ ಬಗೆಯವರು ಧಾರಾಳ ಇದ್ದಾರೆ.

ಹೆಗ್ಡೆಯವರು ಕಾರ್ಕಳದ ಹತ್ತಿರದ ಕೌಡೂರಿನವರು. 1952ರಲ್ಲಿ ರಾಜ್ಯಸಭೆಗೆ ಹೋದರು, 1957ರಲ್ಲಿ ಹೈಕೋರ್ಟ್ ಜಡ್ಜ್ ಆದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂತು. 13 ಜಡ್ಜ್‌ಗಳ ಪೀಠ. ಸಂವಿಧಾನವನ್ನು ತಿದ್ದಿ, ಆದರೆ ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ ಅಂದ 7 ಜನರಲ್ಲಿ ಹೆಗ್ಡೆಯವರೂ ಒಬ್ಬರು. ಕೇಸು ಹಾಕಿದವರೂ ನಮ್ಮ ಕಡೆಯವರೇ, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. (ಯಕ್ಷಗಾನದ ಹುಚ್ಚಿದ್ದವರಿಗೆ ಅವರ ಭಾಗವತಿಕೆಯೂ ಗೊತ್ತು.) ಮರುದಿನವೇ ಇಂದಿರಾ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಅಂತ ಘೋಷಿಸಿತು. ಅವರಿಗಿಂತ ಸೀನಿಯರ್ ಆಗಿದ್ದ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಬಿಸಾಕಿ ಹೊರಬಂದರು.

ಕೋರ್ಟು ಹೀರೋ, ಸರ್ಕಾರ ವಿಲನ್ ಅಂತ ಇಲ್ಲಿಗೇ ನಿಲ್ಲಿಸಬಹುದು. ನನ್ನಿಂದ ಆಗುವುದಿಲ್ಲ. ಸ್ವಾಮೀಜಿ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ. ನಮ್ಮ ಮನೆ ಇರುವ ಜಾಗ ಅಂಥದ್ದೇ ಕಾನೂನಿನಿಂದ ಬಂದದ್ದು. ಅಜ್ಜ ಧಣಿಗಳ ಒಕ್ಕಲಾಗಿದ್ದರು. ಗೇಣಿಯ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ, ಧಣಿಗಳ ಅಂಗಳದಲ್ಲಿ ಇಳಿಸಿ ಕಾಯಬೇಕಿತ್ತಂತೆ. ಒಳಗಿನಿಂದ ಯಾರಾದರೂ ಬಂದು ಎಣಿಸಬೇಕು, ಅಲ್ಲಿವರೆಗೆ ಕೂರುವ ಹಾಗೂ ಇಲ್ಲ. 1974ರ ಕಾನೂನು ಬಂದ ಮೇಲೆ ಉಳುವ ಜಾಗ ತನ್ನ ಹೆಸರಿಗೆ ಬೇಕು ಅಂತ ಹೆದರಿ ಹೆದರಿ ಡಿಕ್ಲರೇಶನ್ ಹಾಕಿದರು. ದೊಡ್ಡಮ್ಮನಿಗೆ ಇವತ್ತಿಗೂ ಅದು "ಇಂದಿರಾ ಗಾಂಧಿ ಕೊಟ್ಟ ಜಾಗ". ಕಾನೂನು ತಂದದ್ದು ದೇವರಾಜ ಅರಸು ಅಂದರೆ, "ನೀನು ಸುಮ್ನಿರು ಮಾರಾಯ" ಅಂತಾರೆ.

ಭೂಸುಧಾರಣೆಗೆ ಮೊದಲು ಅಡ್ಡ ನಿಂತದ್ದು ಕೋರ್ಟುಗಳೇ. ಬಿಹಾರದ ಕಾನೂನನ್ನು 1951ರಲ್ಲಿ ಪಟ್ನಾ ಹೈಕೋರ್ಟ್ ಹೊಡೆದುಹಾಕಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಇಂಥ ಕಾನೂನುಗಳನ್ನು ಕೋರ್ಟು ಮುಟ್ಟದ ಹಾಗೆ 9ನೇ ಶೆಡ್ಯೂಲಿಗೆ ಹಾಕಿದರು. ಕೋರ್ಟಿನದ್ದೇ ಕೊನೆಯ ಮಾತಾಗಿದ್ದರೆ ನಮ್ಮಂಥವರು ಇನ್ನೂ ಮುಡಿ ಹೊರುತ್ತಿದ್ದೆವು. ಇನ್ನು ಎಮರ್ಜೆನ್ಸಿಯಲ್ಲಿ, ಕೋರ್ಟು ನಿಜವಾಗಿ ಬೇಕಾದ ಹೊತ್ತಿಗೆ, ಸುಪ್ರೀಂ ಕೋರ್ಟ್ ಕೈಕೊಟ್ಟಿತು. ಜೈಲಿಗೆ ಬಿದ್ದವರು ಹೈಕೋರ್ಟಿಗೂ ಹೋಗುವಂತಿಲ್ಲ ಅಂತ 1976ರಲ್ಲಿ ನಾಲ್ವರು ಜಡ್ಜ್‌ಗಳು ಹೇಳಿದರು. ಒಪ್ಪದವರು ಖನ್ನಾ ಒಬ್ಬರೇ.

ಹಾಗಾಗಿ ಇಬ್ಬರಲ್ಲಿ ಯಾರು ಒಳ್ಳೆಯವರು ಅನ್ನುವ ಪ್ರಶ್ನೆಯೇ ನನಗೆ ಬೇಡ. ನನ್ನ ತಕರಾರು ಬೇರೆ. ಸರ್ಕಾರವನ್ನು ದಿನಾ ಹಿಡಿದು ಕೇಳಬೇಕಾದವರು ಜಡ್ಜ್‌ಗಳಲ್ಲ, ನಾವು ಗೆಲ್ಲಿಸಿ ಕಳಿಸಿದವರು. ಅವರ ಬಾಯಿಗೇ ಬೀಗ ಬಿದ್ದಿದೆ.

1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಗೆದ್ದು ಲೋಕಸಭೆಗೆ ಹೋದರು, ಜುಲೈಯಲ್ಲಿ ಸ್ಪೀಕರ್ ಆದರು. ಎಮರ್ಜೆನ್ಸಿ ಕಾಲದ ತಿದ್ದುಪಡಿಗಳನ್ನು ತೊಳೆಯಲು 44ನೇ ತಿದ್ದುಪಡಿ ಬಂದದ್ದು ಆಗಲೇ. ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಇತ್ತು. ಅವರು ಮಸೂದೆಯಲ್ಲಿದ್ದ ಜನಮತಗಣನೆಯ (ಜನರನ್ನೇ ನೇರ ಮತ ಕೇಳುವ) ಅಂಶವನ್ನೇ ಕಿತ್ತುಹಾಕಿದರು. ಸರ್ಕಾರ ಅಷ್ಟಕ್ಕೇ ಒಪ್ಪಿಕೊಂಡು ಉಳಿದದ್ದನ್ನು ಪಾಸು ಮಾಡಿಸಿತು. ಎಳೆದಾಡಿದರು, ಆದರೂ ಕೆಲಸ ಆಯಿತು. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಆಗಲೂ ಇತ್ತು. ಮೀರಿದರೆ ಸೀಟು ಹೋಗುತ್ತಿರಲಿಲ್ಲ ಅಷ್ಟೇ.

1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಹಗಲೊಂದು ಪಕ್ಷ, ರಾತ್ರಿಯೊಂದು ಪಕ್ಷ ಅನ್ನುವವರನ್ನು ತಡೆಯಬೇಕಿತ್ತು, ನಿಜ. ಆದರೆ ಯಾವ ಮಸೂದೆಗೇ ಆಗಲಿ, ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು ಅಂತ ಮಾಡಿಟ್ಟರು. ಪಕ್ಷಾಂತರವಾದರೂ ನಿಂತಿತಾ? 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹರಾದರು. ಅವರಲ್ಲಿ ಹೆಚ್ಚಿನವರು ಉಪಚುನಾವಣೆಯಲ್ಲಿ ಗೆದ್ದು ಬಂದರು, ಹಲವರು ಮಂತ್ರಿಗಳೂ ಆದರು. ಒಳಗೆ ಕೂತು "ಈ ಕಲಮು ಸರಿ ಇಲ್ಲ" ಅಂತ ಮತ ಹಾಕುವವನಿಗೆ ಮಾತ್ರ ದಾರಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಐಪಿಸಿ ಹೋಗಿ ಹೊಸ ಕ್ರಿಮಿನಲ್ ಕಾನೂನುಗಳು ಪಾಸಾದವಲ್ಲ, ಆ ಅಧಿವೇಶನದಲ್ಲಿ ಎರಡೂ ಮನೆ ಸೇರಿ 146 ಸದಸ್ಯರು ಸಸ್ಪೆಂಡ್ ಆಗಿದ್ದರು. ಇಂಥ ಕಡೆ ತಿದ್ದಬೇಕಾದದ್ದು ಉಳಿದುಬಿಟ್ಟರೆ ಕೊನೆಗೆ ಎಲ್ಲ ಹೋಗಿ ಬೀಳುವುದು ಕೋರ್ಟಿನ ಮೇಜಿನ ಮೇಲೆ. ಆಮೇಲೆ ಕೋರ್ಟು ಎಲ್ಲದಕ್ಕೂ ಕೈಹಾಕುತ್ತದೆ ಅಂತ ಬೊಬ್ಬೆ.

ನಾವೂ ಎಂಪಿಯನ್ನು ಕೇಳುವುದು ಶಿರಾಡಿ ಘಾಟಿ ರಸ್ತೆ, ಬೆಂಗಳೂರು ರೈಲು, ಇಷ್ಟೇ. ಯಾವ ಮಸೂದೆಗೆ ಏನು ಮಾತಾಡಿದಿರಿ ಅಂತ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ವಿಶ್ವಾಸಮತ, ಅವಿಶ್ವಾಸಮತಕ್ಕೆ ಮಾತ್ರ ವಿಪ್‌ನ ಈ ಕಟ್ಟು ಇರಲಿ, ಉಳಿದದ್ದಕ್ಕೆ ಬೇಡ ಅಂತ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿದೆ. ಕಾಂಗ್ರೆಸ್ ಎಂಪಿ ಮನೀಶ್ ತಿವಾರಿ 2010ರಲ್ಲಿ ಪಕ್ಷಾಂತರ ಕಾನೂನಿನ ತಿದ್ದುಪಡಿಗೆ ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ತಂದಿದ್ದರು. ಆದರೆ 1970ರ ಮೇಲೆ ಒಂದೇ ಒಂದು ಖಾಸಗಿ ಮಸೂದೆಯೂ ಕಾನೂನಾಗಿಲ್ಲ. ಪಕ್ಷಗಳೇ ಮನಸ್ಸು ಮಾಡಬೇಕು. ಈ ಪಕ್ಷ ಮಾಡುವುದಿಲ್ಲ, ಆ ಪಕ್ಷವೂ ಮಾಡುವುದಿಲ್ಲ. ವಿಪ್ ಇಬ್ಬರಿಗೂ ಬೇಕಲ್ವಾ.